ಒಂದು ಮಾತು ಕೂಡಿಸದೆ, ಒಂದು ಮಾತು ಬಿಡದೆ

ಸ್ವೀಡನ್ನಿನ ವೆಸ್ಟೆರಾಸ್ ಊರಿಗೆಲ್ಲ ಕನ್ನಡಕ್ಕೆ ಅಂತ ಇದ್ದ ದುಭಾಷಿ ಒಬ್ಬರೇ, ಬದರಿನಾಥರು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಆ ಜಾತಿಯ ಗೌಡಿಕೆ. ಎಂಬತ್ತರ ದಶಕದ ಯಾವುದೋ ಚಳಿಗಾಲದಲ್ಲಿ ಹೊತ್ತು ಹೋಗದೆ ತರಬೇತಿಗೆ ಸೇರಿ, ಪರೀಕ್ಷೆ ಪಾಸು ಮಾಡಿ, ದುಭಾಷಿಗಳ ಪಟ್ಟಿಗೆ ಹೆಸರು ಹಚ್ಚಿದ್ದರು. ಆಮೇಲೆ ಕರೆ ಬಂದದ್ದು ಬೆರಳೆಣಿಕೆಯಷ್ಟು. ಒಮ್ಮೆ ಹೆರಿಗೆ ವಾರ್ಡಿಗೆ, ಒಮ್ಮೆ ಯಾರದೋ ಬಾಡಿಗೆ ಮನೆಯ ತಕರಾರಿಗೆ. ಇಲ್ಲಿಗೆ ಬರೋ ಕನ್ನಡದವರೆಲ್ಲ ಇಂಗ್ಲಿಷ್ ಕಲಿತೇ ವಿಮಾನ ಹತ್ತಿರುತ್ತಾರೆ. ಅಂಥವರಿಗೆ ನಡುವೆ ನಿಂತು ಮಾತು ದಾಟಿಸೋ ಮನುಷ್ಯ ಯಾಕೆ ಬೇಕು ಹೇಳಿ.

ಅವರು ಬಂದದ್ದು ಎಪ್ಪತ್ತರ ದಶಕದಲ್ಲಿ, ಟ್ರಾನ್ಸ್‌ಫಾರ್ಮರ್ ಡಿಸೈನ್ ಮಾಡೋ ಕೆಲಸಕ್ಕೆ. ಕೆರ್ಸ್ಟಿನ್ ಅನ್ನೋ ಹುಡುಗಿಯನ್ನು ಮದುವೆಯಾದರು, ಒಬ್ಬಳು ಮಗಳಾದಳು, ಹನ್ನೆರಡು ವರ್ಷ ಸಂಸಾರ ಮಾಡಿದರು, ಆಮೇಲೆ ಜಗಳವಿಲ್ಲದೆ, ಕೂಗಾಟವಿಲ್ಲದೆ ಬೇರೆಯಾದರು. ಈ ದೇಶದಲ್ಲಿ ಬೇರೆಯಾಗೋದೂ ಬಸ್ಸಿನಲ್ಲಿ ಸೀಟು ಬದಲಾಯಿಸಿದಷ್ಟು ಸದ್ದಿಲ್ಲದೆ ಆಗಿಬಿಡುತ್ತದೆ. ಮಗಳು ಈಗ ಗೋಥೆನ್‌ಬರ್ಗಿನಲ್ಲಿದ್ದಾಳೆ. ಅವಳಿಗೆ ಬರೋ ಕನ್ನಡ ಮೂರು ಮಾತು: ಬಾ, ಸಾಕು, ಹಾಲು. ಕ್ರಿಸ್‌ಮಸ್ಸಿಗೆ ತಪ್ಪದೆ ಫೋನ್ ಮಾಡುತ್ತಾಳೆ, ಒಳ್ಳೆಯ ಹುಡುಗಿಯೇ. ಆದರೆ ಬಾ, ಸಾಕು, ಹಾಲು ಇಟ್ಟುಕೊಂಡು ಎಷ್ಟು ಹೊತ್ತು ಮಾತಾಡೋದು.

ಹಾಗಾಗಿ ಬದರಿನಾಥರ ಕನ್ನಡವೆಲ್ಲ ಒಲೆಗೆ, ಕನ್ನಡಿಗೆ, ಅಪರೂಪಕ್ಕೆ ಕಿಟಕಿಗೆ ಬಂದು ಕೂರೋ ಕಾಗೆಗೆ ಮೀಸಲಾಗಿತ್ತು. ಒಂದು ಯುಗಾದಿಗೆ ರೈಲು ಹತ್ತಿ ಸ್ಟಾಕ್‌ಹೋಮಿನ ಕನ್ನಡ ಬಳಗಕ್ಕೆ ಹೋಗಿದ್ದರು. ಎಲ್ಲಾ ಬೆಂಗಳೂರಿನ ಕಂಪ್ಯೂಟರ್ ಹುಡುಗರು. ಅಂಕಲ್ ಅಂಕಲ್ ಅಂತ ಕೂರಿಸಿ ಒಬ್ಬಟ್ಟು ಬಡಿಸಿದರು. ಇವರು "ಭಾಳ ಛಲೋ ಆಗ್ಯದ ರೀ" ಅಂದದ್ದಕ್ಕೆ ನಾಲ್ಕು ಜನ ನಕ್ಕರು. ಕೆಟ್ಟ ನಗುವಲ್ಲ, ಸಿನಿಮಾದಲ್ಲಿ ಕೇಳಿದ ಮಾತು ಎದುರಿಗೇ ಬಂತಲ್ಲ ಅನ್ನೋ ನಗು. ಬದರಿನಾಥರು ಆವತ್ತಿನಿಂದ ತಮ್ಮೂರ ಮಾತನ್ನು ಬಟ್ಟೆ ಮಡಚಿ ಪೆಟ್ಟಿಗೆಗೆ ಇಟ್ಟ ಹಾಗೆ ಇಟ್ಟುಬಿಟ್ಟರು. ಎದುರಿಗೆ ಯಾರಾದರೂ ಕನ್ನಡದವರು ಸಿಕ್ಕರೆ ರೇಡಿಯೋದವರ ಹಾಗೆ ಮಾತಾಡುತ್ತಿದ್ದರು. ಬಳಗಕ್ಕೆ ಮತ್ತೆ ಹೋಗಲಿಲ್ಲ.

ಇಂಥವರಿಗೆ ಎರಡು ಸಾವಿರದ ಏಳನೇ ಇಸವಿ ಫೆಬ್ರವರಿಯಲ್ಲಿ ದುಭಾಷಿ ಕಚೇರಿಯಿಂದ ಫೋನ್ ಬಂತು. ಊರಿನ ಹೆಕ್ತೆಯಲ್ಲಿ ಒಂದು ಭೇಟಿ ಇದೆ, ಕನ್ನಡ ಬೇಕು. ಹೆಕ್ತೆ ಅಂದರೆ ವಿಚಾರಣೆ ಮುಗಿಯೋ ತನಕ ಆರೋಪಿಗಳನ್ನು ಇಡೋ ಜೈಲು. ಒಳಗಿರುವವನು ಶ್ರೀನಾಥ ಅನ್ನೋ ಇಪ್ಪತ್ತೇಳರ ಇಂಜಿನಿಯರ್. ನೋಡಲು ಬರುವವಳು ಅವನ ತಾಯಿ, ಭಾನುಮತಿ. ಹುಡುಗನ ಮೇಲೆ ನಿರ್ಬಂಧಗಳಿವೆ, ಪತ್ರಿಕೆ ಇಲ್ಲ, ಫೋನ್ ಇಲ್ಲ, ಯಾರನ್ನೂ ನೋಡುವ ಹಾಗಿಲ್ಲ. ತಾಯಿಯ ವೀಸಾ ಮುಗಿಯುತ್ತಿದೆ, ಭಾನುವಾರ ವಿಮಾನ ಹತ್ತುತ್ತಾಳೆ ಅಂತ ಪ್ರಾಸಿಕ್ಯೂಟರ್ ಒಂದೇ ಒಂದು ಭೇಟಿಗೆ ಒಪ್ಪಿದ್ದಾರೆ. ಕಾವಲುಗಾರ ಪಕ್ಕದಲ್ಲೇ ಕೂತಿರುತ್ತಾನೆ. ಆಡಿದ ಮಾತೆಲ್ಲ ಅವನಿಗೆ ಅರ್ಥವಾಗಬೇಕು. ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಶ್ರೀನಾಥನ ಪರಿಚಯದವರ್ಯಾರೂ ದುಭಾಷಿಯ ಜಾಗದಲ್ಲಿ ಕೂರುವ ಹಾಗಿಲ್ಲ.

ಫೋನಿಟ್ಟ ಮೇಲೆ ಬದರಿನಾಥರಿಗೆ ಖುಷಿಯಾಯಿತು. ಆಮೇಲೆ ಆ ಖುಷಿಗೆ ನಾಚಿಕೆಯಾಯಿತು. ಯಾರದೋ ಮನೆಗೆ ಬೆಂಕಿ ಬಿದ್ದಿದೆ, ನನಗೆ ಮಾತಾಡಲು ಜನ ಸಿಕ್ಕರು ಅಂತ ಹಿಗ್ಗುತ್ತಿದ್ದೇನಲ್ಲ, ಥೂ ಅಂತ ತಮಗೇ ಹೇಳಿಕೊಂಡರು. ಹಾಗಂತ ಕೋಟಿಗೆ ಇಸ್ತ್ರಿ ಮಾಡೋದೇನೂ ಬಿಡಲಿಲ್ಲ. ಗಡ್ಡ ಹೆರೆಯುತ್ತಾ ಕನ್ನಡಿಯ ಮುಂದೆ "ತನಿಖೆ", "ನಿರ್ಬಂಧ" ಅಂತೆಲ್ಲ ಗಟ್ಟಿಯಾಗಿ ಹೇಳಿ ನೋಡಿಕೊಂಡರು, ಎಲ್ಲಿ ತುಕ್ಕು ಹಿಡಿದಿದೆಯೋ ಅಂತ.

ದುಭಾಷಿಯ ಧರ್ಮ ಅವರಿಗೆ ಬಾಯಿಪಾಠ. ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು. ಆಡಿದವರು "ನಾನು" ಅಂದರೆ ತಾವೂ "ನಾನು" ಅನ್ನಬೇಕು. ಯಾರ ಪಕ್ಷವನ್ನೂ ಹಿಡಿಯಬಾರದು. ಎರಡೂ ಕಡೆಯವರಿಂದ ಏನೂ ಇಸಿದುಕೊಳ್ಳಬಾರದು, ಅವರ ಜೊತೆ ಪಟ್ಟಾಂಗ ಹೊಡೆಯಬಾರದು. ಈ ಕೊನೆಯದು ಕಷ್ಟ ಅಂತ ಅವರಿಗೆ ಎಂದೂ ಅನ್ನಿಸಿರಲಿಲ್ಲ, ಯಾಕಂದರೆ ಪಟ್ಟಾಂಗಕ್ಕೆ ಯಾರೂ ಸಿಕ್ಕಿರಲಿಲ್ಲ.

ಕಾಯುವ ಕೋಣೆಗೆ ಬದರಿನಾಥರು ಹೊತ್ತಿಗೆ ಮುಂಚೆಯೇ ಬಂದರು. ಭಾನುಮತಿ ಅವರಿಗಿಂತ ಮುಂಚೆ ಬಂದಿದ್ದಳು. ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿರುವ ದೀಪ್ತಿ ಅನ್ನೋ ಹುಡುಗಿ, ಆಕೆಯ ಮನೆಯಲ್ಲೇ ಭಾನುಮತಿ ಈಗ ಇದ್ದದ್ದು, ಕಾರಿನಲ್ಲಿ ತಂದು ಬಾಗಿಲಿಗೆ ಬಿಟ್ಟು ಹೋಗಿದ್ದಳು. ಅರವತ್ತರ ಹೆಂಗಸು. ರೇಷ್ಮೆ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಯಾರದೋ ಬೂಟು, ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಬದರಿನಾಥರ ಮೂಗು ಮೀಸೆ ನೋಡಿದ ಕೂಡಲೇ ಮುಖ ಅರಳಿತು.

"ಕನ್ನಡದೋರಾ ಸ್ವಾಮಿ?"

"ಹೌದಮ್ಮ. ದುಭಾಷಿ. ಬದರಿನಾಥ."

"ಅಬ್ಬಾ, ದೇವರು ದೊಡ್ಡೋನು. ಯಾವೂರು ನಿಮ್ದು?"

ಬಾಯಿಗೆ ಬಂದ ಉತ್ತರವನ್ನು ಬದರಿನಾಥರು ನುಂಗಿಕೊಂಡರು. "ನಾವು ಹಾಗೆಲ್ಲ ಮಾತಾಡೋ ಹಾಗಿಲ್ಲಮ್ಮ. ಒಳಗೆ ನಡೆಯೋ ಮಾತು ದಾಟಿಸೋದಷ್ಟೇ ನನ್ನ ಕೆಲಸ. ಪರಿಚಯ ಮಾಡ್ಕೊಂಡರೆ ಪಕ್ಷಪಾತ ಅಂತಾರೆ."

"ಊರು ಯಾವುದು ಅಂತ ಹೇಳಿದರೆ ಪಕ್ಷಪಾತವೇ?"

"ನಿಯಮ ಹಾಗಿದೆ."

 ಭಾನುಮತಿ ಕೂತಲ್ಲೇ ತಿರುಗಿ, ಎದುರಿಗಿದ್ದ ಬೋಳು ಗೋಡೆಗೆ ಮುಖ ಮಾಡಿದಳು. "ಸರಿ ಬಿಡಿ. ನಿಮಗೆ ಹೇಳ್ತಿಲ್ಲ. ಈ ಗೋಡೆಗೆ ಹೇಳ್ತೀನಿ. ಗೋಡೆಗೆ ಮಾತಾಡೋದು ನನಗೆ ರೂಢಿ," ಅಂದಳು.

ಹಾಗಂತ ಗೋಡೆಗೆ ಹೇಳಿದಳು. ತಿಪಟೂರಿನಲ್ಲಿ ತಾನಿರೋದು ವಠಾರದ ಮನೆ. ಗೋಡೆಯ ಈ ಕಡೆ ತಾನು, ಆ ಕಡೆ ಪಂಕಜಾಕ್ಷಿ. ಒಂದೇ ವರ್ಷ ಇಬ್ಬರೂ ಬಸುರಿಯರಾಗಿದ್ದರು. ತನಗೆ ಶ್ರೀನಾಥ ಹುಟ್ಟಿದ, ಅವಳಿಗೆ ನಂದಕುಮಾರ. ತನಗೆ ಹಾಲು ಸಾಲದೆ ಹೋದಾಗ ಪಂಕಜಾಕ್ಷಿಯೇ ಶ್ರೀನಾಥನಿಗೂ ಕುಡಿಸಿದಳು. ಉಪ್ಪು ಬೇಕಾದರೆ ಗೋಡೆ ತಟ್ಟೋದು, ಜ್ವರ ಬಂದರೆ ಗೋಡೆ ತಟ್ಟೋದು. ಹುಡುಗರು ಒಟ್ಟಿಗೆ ಓದಿ, ಒಟ್ಟಿಗೆ ಕೆಲಸ ಹಿಡಿದು, ಒಟ್ಟಿಗೆ ಈ ದೇಶಕ್ಕೆ ಬಂದು, ಒಂದೇ ಮನೆ ಬಾಡಿಗೆಗೆ ಹಿಡಿದಿದ್ದರು. ಹಿಮ ನೋಡುವೆಯಂತೆ ಬಾ ಅಂತ ಶ್ರೀನಾಥ ಕರೆಸಿಕೊಂಡ. ಸಂಕ್ರಾಂತಿಯ ದಿನ ದೀಪ್ತಿ ಮನೆಯಲ್ಲಿ ಎಳ್ಳು ಬೀರೋಕೆ ಕರೆದಿದ್ದರು ಅಂತ ತಾನು ಸೋಲ್ನಾಕ್ಕೆ ಹೋಗಿದ್ದಳು. ಮನೆಯಲ್ಲಿ ಹುಡುಗರಿಬ್ಬರೇ. ಏನೋ ಮಾತಿಗೆ ಮಾತು ಬೆಳೆದು, ಕೂಗಾಟ ಕೇಳಿ ಪಕ್ಕದ ಮನೆಯವರು ಹೊರಗೆ ಬಂದು ನೋಡಿದರೆ ನಂದ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ, ಶ್ರೀನಾಥ ಮೇಲೆ ನಿಂತಿದ್ದ. ಆವತ್ತಿನಿಂದ ನಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ.

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ಹೇಳೋ ದಿನ ನೋಡಿ," ಅಂತ ಗೋಡೆಗೆ ಹೇಳಿದಳು. "ಇವನು ನೂಕಿದ ಅಂತಾರೆ ಪೊಲೀಸರು. ಕಾಲು ಜಾರಿತು ಅಂತಾನಂತೆ ಇವನು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಇವನನ್ನೇ ನಂಬ್ತೀನಿ ಅಂತ ಎಲ್ಲರೂ ತಿಳ್ಕೊಂಡಿದಾರೆ. ಭಾನುವಾರ ವಿಮಾನ ಹತ್ತಿದರೆ ಸೋಮವಾರ ಆ ಗೋಡೆ ಪಕ್ಕ ಮಲಗಬೇಕು ನಾನು. ಆ ಕಡೆ ಅವಳಿರ್ತಾಳೆ. ಇವನು ನೂಕಿಲ್ಲ ಅಂದ್ರೆ ಅವಳ ಜೊತೆ ಕೂತು ನಾನೂ ಅಳ್ತೀನಿ. ನೂಕಿದಾನೆ ಅಂದ್ರೆ, ಅದನ್ನ ಬಚ್ಚಿಟ್ಕೊಂಡು ಅವಳ ಕೈಯಿಂದ ಕಾಫಿ ಲೋಟ ಹೇಗೆ ತಗೊಳ್ಳಲಿ? ನನಗೆ ನಿಜ ಗೊತ್ತಾಗಬೇಕು. ಅಷ್ಟಕ್ಕೇ ಬಂದಿರೋದು."

ಬದರಿನಾಥರು ಕೇಳಿಸಿಕೊಳ್ಳದವರ ಹಾಗೆ ಬೂಟಿನ ತುದಿ ನೋಡುತ್ತಾ ಕೂತಿದ್ದರು. ಕೇಳಿಸಿಕೊಳ್ಳದೆ ಇರಲು ಕಿವಿಗೇನು ಬಾಗಿಲಿದೆಯೇ? ತಿಪಟೂರಿನ ಆ ಮಾತು, ಆ ರಾಗ, ಎಷ್ಟೋ ವರ್ಷದ ಮೇಲೆ ಯಾರೋ ತಮ್ಮ ಪಕ್ಕ ಕೂತು ಸಂಸಾರದ ಕಷ್ಟ ಹೇಳಿಕೊಳ್ಳುತ್ತಿರೋದು, ಇನ್ನೂ ಕೇಳಬೇಕು ಅನ್ನಿಸಿತು. ಜೊತೆಗೆ ದಿಗಿಲೂ ಆಯಿತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಒಳಗೆ ಹೋದ ಮೇಲೆ ಈಕೆ ಕೇಳಿಯೇ ಕೇಳುತ್ತಾಳೆ. ಕೇಳಿದರೆ ತಾವು ಅದನ್ನು ಇದ್ದ ಹಾಗೆ ದಾಟಿಸಬೇಕು, ದಾಟಿಸಿದ ಕೂಡಲೇ ಭೇಟಿ ಮುಗಿಯುತ್ತದೆ.

ಕಾವಲುಗಾರ ಬಂದ. ಮಾರ್ಟಿನ್ ಅಂತ, ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ, ಮೇಲಿನ ತುಟಿಯ ಅಡಿಯಲ್ಲಿ ನಮ್ಮ ಕಡೆ ಹೊಗೆಸೊಪ್ಪು ಇಟ್ಟುಕೊಳ್ಳೋ ಹಾಗೆ ಸ್ನೂಸ್ ಇಟ್ಟುಕೊಂಡಿದ್ದ. ಮರ್ಯಾದಸ್ಥ. ಪಾಸ್‌ಪೋರ್ಟ್ ನೋಡಿ, ಅನುಮತಿ ನೋಡಿ, ನಿಯಮಗಳನ್ನು ಒಂದೊಂದಾಗಿ ಹೇಳಿದ. ಬದರಿನಾಥರು ಒಂದೊಂದಾಗಿ ಕನ್ನಡಕ್ಕೆ ತಂದರು.

ಕೈಯಲ್ಲಿರುವುದನ್ನೆಲ್ಲ ಲಾಕರಿನಲ್ಲಿ ಇಡಬೇಕು. ತಿಂಡಿ ತೀರ್ಥ ಒಳಗೆ ತರುವ ಹಾಗಿಲ್ಲ.

"ಕೋಡುಬಳೆ ಕಣಪ್ಪ. ಮಗನನ್ನ ನೋಡೋಕೆ ಬರಿಗೈಲಿ ಹೋಗೋದಾ?"

ಇದನ್ನೂ ಬದರಿನಾಥರು ಸ್ವೀಡಿಷ್‌ಗೆ ತಂದರು, "ನಾನು" ಅಂತಲೇ. ಮಾರ್ಟಿನ್ ಬೇಸರದಿಂದ ತಲೆ ಆಡಿಸಿದ. ಡಬ್ಬಿ ಲಾಕರಿಗೆ ಹೋಯಿತು. ಲೋಹ ಹುಡುಕುವ ಚೌಕಟ್ಟಿನಲ್ಲಿ ದಾಟಿದರೆ ಕೀಂ ಅಂತು. ಇನ್ನೊಮ್ಮೆ ದಾಟಿದರೂ ಕೀಂ. ಭಾನುಮತಿ ಜಾಕೆಟ್ಟಿನ ತೋಳು ಮೇಲೆ ಸರಿಸಿದಳು. ಗಾಜಿನ ಬಳೆಗೆ ಪಿನ್ನುಗಳ ಗೊಂಚಲೇ ನೇತಾಡುತ್ತಿತ್ತು. ಇದೇಕೆ ಅಂತ ಮಾರ್ಟಿನ್ ಕೇಳಿದ. "ಹೊತ್ತಿಗೆ ಬೇಕಾಗತ್ತೆ" ಅಂದಳು. ಬದರಿನಾಥರ ತಾಯಿಯ ಬಳೆಯಲ್ಲೂ ಅಂಥದೇ ಗೊಂಚಲು ಇರುತ್ತಿತ್ತು. ಅದನ್ನು ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ.

"ಕೇಸಿನ ಬಗ್ಗೆ ಒಂದು ಮಾತೂ ಆಡಬಾರದು," ಅಂದ ಮಾರ್ಟಿನ್. "ಏನು ನಡೆಯಿತು, ಯಾರು ಏನು ಹೇಳಿದರು, ಗಾಯಾಳು ಹೇಗಿದ್ದಾನೆ, ಯಾವುದೂ ಇಲ್ಲ. ಒಮ್ಮೆ ಎಚ್ಚರಿಕೆ ಕೊಡುತ್ತೇನೆ. ಎರಡನೇ ಸಲಕ್ಕೆ ಭೇಟಿ ನಿಲ್ಲಿಸುತ್ತೇನೆ. ನೋಡಿದ್ದು ಕೇಳಿದ್ದು ಬರೆದು ಪ್ರಾಸಿಕ್ಯೂಟರಿಗೆ ಕಳಿಸಬೇಕು, ಅದು ನನ್ನ ಕೆಲಸ."

ಬದರಿನಾಥರು ಇದನ್ನು ಹೇಳುವಾಗ ಭಾನುಮತಿಯ ಮುಖ ನೋಡಿದರು. ಅವಳು ರೇಗಲಿಲ್ಲ, ಅಳಲಿಲ್ಲ. "ಸರಿ" ಅಂದಳು. ಸ್ವಲ್ಪ ಯೋಚಿಸಿ, "ಮುಟ್ಟಬಹುದಾ ಕೇಳಿ" ಅಂದಳು.

"ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ತಬ್ಬಿಕೊಳ್ಳಬಹುದು."

"ನಾವು ತಬ್ಬಿಕೊಳ್ಳೋ ಜನ ಅಲ್ಲ. ಮಕ್ಕಳು ಕಾಲಿಗೆ ನಮಸ್ಕಾರ ಮಾಡ್ತಾರೆ, ದೊಡ್ಡೋರು ತಲೆ ಮುಟ್ಟಿ ಆಶೀರ್ವಾದ ಮಾಡ್ತಾರೆ. ಅದಕ್ಕೆ ಅಡ್ಡಿ ಇಲ್ವಲ್ಲ?"

ಮಾರ್ಟಿನ್ ಕೆಂಪಗಾದ. ಅಷ್ಟೇ ತಾನೇ, ಧಾರಾಳವಾಗಿ ಮಾಡಲಿ ಅಂದ. ಬದರಿನಾಥರು ಅದನ್ನೂ ಒಪ್ಪಿಸಿದರು, ಒಂದು ಮಾತು ಕೂಡಿಸದೆ, ಒಂದು ಮಾತು ಬಿಡದೆ.

ಭೇಟಿಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಸರೋವರದ ಚಿತ್ರ. ಕಿಟಕಿಯಿಂದ ಬೂದು ಬಣ್ಣದ ಆಕಾಶ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಶ್ರೀನಾಥನನ್ನು ಕರೆತಂದರು. ಜೈಲಿನವರು ಕೊಟ್ಟ ಸಡಿಲ ಬಟ್ಟೆಯಲ್ಲಿ ಇನ್ನಷ್ಟು ಸಣಕಲಾಗಿ ಕಾಣುತ್ತಿದ್ದ. ಬಂದವನೇ ಬಾಗಿ ತಾಯಿಯ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಕೂತರು.

"ಊಟ ಸರಿಯಾಗಿ ಮಾಡ್ತಿದೀಯಾ?"

"ಮಾಡ್ತಿದೀನಮ್ಮ."

"ಏನು ಕೊಡ್ತಾರೆ?"

"ಆಲೂಗಡ್ಡೆ. ಮೊಸರು ಕೊಡ್ತಾರೆ. ಅನ್ನ ಒಂದೊಂದು ದಿನ."

"ಮೊಸರು ಹುಳಿ ಇರತ್ತಾ?"

"ಇರಲ್ಲ."

ಬದರಿನಾಥರು ದಾಟಿಸುತ್ತಾ ಹೋದರು. ನಾನು ಊಟ ಮಾಡುತ್ತಿದ್ದೇನೆ. ನನಗೆ ಆಲೂಗಡ್ಡೆ ಕೊಡುತ್ತಾರೆ. ನೀನು ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ದಿನವಾಯಿತು, ಕೂದಲು ನೋಡು ತೆಂಗಿನ ನಾರಾಗಿದೆ. ದೀಪ್ತಿ ಮನೆಯಲ್ಲಿ ನಿನಗೆ ಚಳಿ ಆಗಲ್ಲವಾ. ನನಗೇನು ಚಳಿ, ನೀನು ಸಾಕ್ಸ್ ಹಾಕಿಕೋ. ಮಾರ್ಟಿನ್ ಮೊದಮೊದಲು ಬರೆದುಕೊಳ್ಳುತ್ತಿದ್ದ. ಆಮೇಲೆ ಪೆನ್ನು ಕೆಳಗಿಟ್ಟ. ಬರೀ ಊಟದ ಮಾತೇ ಆಡುತ್ತಾರಲ್ಲ ಅಂತ ಅವನ ಮುಖದಲ್ಲಿ ಬರೆದಿತ್ತು. ನಮ್ಮಲ್ಲಿ ಪ್ರೀತಿ ಅಂತ ಬೇರೆ ಪದಾರ್ಥ ಇಲ್ಲ ಮಾರಾಯ, ಅದೇ ಇದು, ಅಂತ ಹೇಳಬೇಕು ಅನ್ನಿಸಿತು ಬದರಿನಾಥರಿಗೆ. ಹೇಳಿದರೆ ಕೂಡಿಸಿದ ಹಾಗಾಗುತ್ತಿತ್ತು. "ಸಾಕ್ಸ್ ಹಾಕಿಕೋ" ಅಂತ ಸ್ವೀಡಿಷ್‌ನಲ್ಲಿ ಹೇಳಿ ಸುಮ್ಮನಾದರು. ಹಾಗೆ ಅವರಿಗೆ ಯಾರಾದರೂ ಹೇಳಿ ಯಾವ ಕಾಲವಾಗಿತ್ತೋ.

 ಶ್ರೀನಾಥ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ತಲೆ ಎತ್ತದೆ, "ಅಮ್ಮಾ, ನಂದ ಹೇಗಿ..." ಅಂದ.

ಬದರಿನಾಥರು ದಾಟಿಸಲೇಬೇಕಾಯಿತು. ಮಾರ್ಟಿನ್ ಅಂಗೈ ಎತ್ತಿದ. ಇದು ಎಚ್ಚರಿಕೆ, ಇನ್ನೊಮ್ಮೆ ಆದರೆ ಮುಗಿಯಿತು ಅಂದ. ಶ್ರೀನಾಥನ ಕಿವಿಯೆಲ್ಲ ಕೆಂಪಾಯಿತು. ಭಾನುಮತಿ ಮಾತ್ರ ಕೇಳಿಸದವಳ ಹಾಗೆ, ಪಕ್ಕದ ಬೀದಿಯ ಕಾಮಾಕ್ಷಮ್ಮ ಹಸು ಮಾರಿಬಿಟ್ಟಳಂತೆ, ಇನ್ನು ಹಾಲಿಗೆ ಡೈರಿಗೇ ಹೋಗಬೇಕು ಅಂತ ಶುರುಮಾಡಿದಳು. ಅವಳು ಕೇಳೋದಿಲ್ಲವೇನೋ, ಮನಸ್ಸು ಬದಲಾಯಿಸಿರಬೇಕು, ಒಳ್ಳೆಯದೇ ಆಯಿತು ಅಂದುಕೊಂಡರು ಬದರಿನಾಥರು. ಹಸುವನ್ನೂ ಡೈರಿಯನ್ನೂ ನೆಮ್ಮದಿಯಾಗಿ ದಾಟಿಸಿದರು.

ಹೊತ್ತು ಮುಗಿಯಿತು ಅಂತ ಮಾರ್ಟಿನ್ ಎದ್ದ. ಎಲ್ಲರೂ ಎದ್ದರು. ಶ್ರೀನಾಥ ಮತ್ತೆ ಬಾಗಿ ನಮಸ್ಕಾರ ಮಾಡಿದ, ಅವಳು ಮತ್ತೆ ತಲೆ ಮುಟ್ಟಿದಳು. ಅವನು ಮೇಲೆದ್ದಾಗ ಅವನ ಬಲಗೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಮಂಕಿ ಕ್ಯಾಪು ತೆಗೆದಳು. ಅವನ ಅಂಗೈಯನ್ನು ಎತ್ತಿ ತನ್ನ ನೆತ್ತಿಯ ಮೇಲೆ ಇಟ್ಟುಕೊಂಡು ಅವನ ಕಣ್ಣನ್ನೇ ನೋಡಿದಳು. ತುಟಿ ಪಿಟಕ್ಕೆನ್ನಲಿಲ್ಲ.

 ಕನ್ನಡದ ನೀರು ಕುಡಿದ ಯಾರಿಗೆ ಅದು ಗೊತ್ತಾಗೋದಿಲ್ಲ? ನನ್ನ ತಲೆ ಮುಟ್ಟಿ ಆಣೆ ಮಾಡು ಅಂತ ಕೇಳುತ್ತಿದ್ದಾಳೆ. ನೂಕಿಲ್ಲ ಅನ್ನೋದಾದರೆ ಆ ಕೈ ಅಲ್ಲೇ ಇರಲಿ. ಸುಳ್ಳಾಣೆಯಾದರೆ ಆ ತಲೆ ಉಳಿಯೋದಿಲ್ಲ. ತಾಯಿ ತನ್ನ ತಲೆಯನ್ನೇ ಪಣಕ್ಕಿಟ್ಟು ಕೇಳುತ್ತಿದ್ದಾಳೆ, ಒಂದಕ್ಷರ ಆಡದೆ, ಯಾವ ನಿಯಮವನ್ನೂ ಮುರಿಯದೆ. ತಲೆ ಮುಟ್ಟಬಹುದಾ ಅಂತ ತಮ್ಮ ಬಾಯಿಂದಲೇ ಕೇಳಿಸಿದ್ದಳಲ್ಲ.

ಶ್ರೀನಾಥನ ಕೈ ಒಂದು ಗಳಿಗೆ ಅಲ್ಲಿತ್ತು. ಅವನಿಗೂ ಅರ್ಥವಾಗಿತ್ತು. ಮುಖ ಸುಣ್ಣವಾಯಿತು. ಕಾದ ಹೆಂಚು ತಾಗಿದವನ ಹಾಗೆ ಕೈ ಕಿತ್ತುಕೊಂಡು ಬೆನ್ನ ಹಿಂದೆ ಅಡಗಿಸಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. 

"ಅದೇನು ಮಾಡಿದ್ದು ಈಗ?" ಮಾರ್ಟಿನ್ ಬದರಿನಾಥರನ್ನು ಕೇಳಿದ. ಅವನ ಕೈ ಪೆನ್ನಿನ ಹತ್ತಿರ ಹೋಗಿತ್ತು.

ಇಷ್ಟು ವರ್ಷದಲ್ಲಿ ಬದರಿನಾಥರನ್ನು ಯಾರೂ ಅವರ ಸ್ವಂತ ಮಾತು ಏನು ಅಂತ ನೇರವಾಗಿ ಕೇಳಿರಲಿಲ್ಲ. ಕೈಸನ್ನೆಯೂ ಮಾತೇ, ಅದನ್ನೂ ದಾಟಿಸಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು. ಇದ್ದ ಹಾಗೆ ಹೇಳಿದರೆ ಹುಡುಗನ ಕೈ ಕಾಗದದ ಮೇಲೆ ಕೂತು ಪ್ರಾಸಿಕ್ಯೂಟರ್ ಮೇಜಿಗೆ ಹೋಗುತ್ತದೆ. ತಾಯಿ ಕೇಳಿದ್ದಕ್ಕೆ ಮಗ ಕೊಟ್ಟ ಉತ್ತರ ಸರ್ಕಾರದ ಉತ್ತರವಾಗುತ್ತದೆ. ಅದು ಸತ್ಯವೇ ಇರಬಹುದು. ಆದರೆ ಅವಳು ಕೇಳಿದ್ದು ಸರ್ಕಾರಕ್ಕೋಸ್ಕರ ಅಲ್ಲ.

"ಆಶೀರ್ವಾದ," ಅಂದರು.

"ಮಗನೂ ತಾಯಿಗೆ ಆಶೀರ್ವಾದ ಮಾಡುತ್ತಾನಾ?"

"ಕೆಲವು ಕಡೆ ಮಾಡುತ್ತಾರೆ."

ಚೆನ್ನಾಗಿದೆ ಪದ್ಧತಿ ಅಂತ ಮಾರ್ಟಿನ್ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. 

ಹೊರಗೆ ಹಿಮ ಅರ್ಧ ಕರಗಿ, ಅದರ ಮೇಲೆ ಎರಚಿದ ಜಲ್ಲಿಯ ಜೊತೆ ಕೆಸರಾಗಿತ್ತು. ದೀಪ್ತಿಯ ಕಾರು ಇನ್ನೂ ಬಂದಿರಲಿಲ್ಲ. ನಿಯಮದ ಪ್ರಕಾರ ಬದರಿನಾಥರು ಒಳಗೇ ವಿದಾಯ ಹೇಳಿ ಬೇರೆ ದಾರಿ ಹಿಡಿಯಬೇಕಿತ್ತು. ಆದರೆ ಅವರ ಬಸ್ಸಿನ ನಿಲ್ದಾಣವೂ ಅಲ್ಲೇ ಎದುರಿಗಿತ್ತು. ಇಬ್ಬರೂ ಗಾಜಿನ ಗೂಡಿನೊಳಗೆ ಬೆಂಚಿನ ಎರಡು ತುದಿಗೆ ಕೂತರು. ಈಗ ಕೇಳುತ್ತಾಳೆ, ಯಾವೂರು ಅಂತ ಕೇಳಿಯೇ ಕೇಳುತ್ತಾಳೆ ಅಂತ ಬದರಿನಾಥರು ಕಾದರು. ಈ ಸಲ ಹೇಳಿಬಿಡುವುದು ಅಂತ ನಿಶ್ಚಯ ಮಾಡಿಕೊಂಡಿದ್ದರು. ದೊಡ್ಡ ನಿಯಮವನ್ನೇ ಮುರಿದಾಯಿತು, ಇನ್ನು ಇದೊಂದು ಯಾವ ಲೆಕ್ಕ. ಬೀದಿಯ ಹೆಸರು, ಮನೆಯ ಗುರುತು, ಎಲ್ಲಾ ನಾಲಿಗೆಯ ತುದಿಗೆ ತಂದಿಟ್ಟುಕೊಂಡಿದ್ದರು.

"ಆ ಕಾವಲಿನ ಹುಡುಗ ಏನೋ ಕೇಳಿದನಲ್ಲ, ಏನು ಹೇಳಿದಿರಿ?" ಅಂದಳು ಭಾನುಮತಿ.

"ಆಶೀರ್ವಾದ ಅಂದೆ."

ಅವಳು ಲಾಕರಿನಿಂದ ವಾಪಸು ಬಂದಿದ್ದ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದಳು. ಬದರಿನಾಥರಿಗೆ ತಡೆಯಲಾಗಲಿಲ್ಲ. "ಅಮ್ಮ, ಹೊತ್ತಾಯಿತು ಅಂತ ಕಾವಲಿನವನು ಎದ್ದು ನಿಂತಿದ್ದನಲ್ಲ, ಆ ಗಾಬರಿಗೆ ನಿಮ್ಮ ಮಗ ಕೈ ತೆಗೆದಿರಬೇಕು. ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ," ಅಂದರು.

"ಪಾಪ, ನಿಮಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ," ಅಂದಳು. ಗೇಲಿ ಮಾಡಿದ್ದಲ್ಲ, ಮಗುವಿಗೆ ಹೇಳಿದ ಹಾಗೆ ಹೇಳಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನು ನೂಕಿದಾನೆ. ಆದರೆ ಸುಳ್ಳಾಣೆ ಇಡಲಿಲ್ಲ ನೋಡಿ. ಕೈ ಇಟ್ಕೊಂಡೇ ಇದ್ದಿದ್ರೆ ನಾನು ನಂಬಿಬಿಡ್ತಿದ್ದೆ. ಎಲ್ಲಾ ಸಲೀಸಾಗ್ತಿತ್ತು. ಇಟ್ಕೊಳ್ಳಲಿಲ್ಲ. ಅಮ್ಮನ ತಲೆ ಉಳೀಲಿ ಅನ್ನಿಸ್ತು ಅವನಿಗೆ. ಅಷ್ಟರ ಮಟ್ಟಿಗೆ ಅವನು ನನ್ನ ಮಗನೇ."

ಬದರಿನಾಥರು ಬೆಂಚಿನ ತುದಿಯಿಂದ ಒಂದಿಷ್ಟು ಅವಳ ಕಡೆಗೆ ಸರಿದು ಕೂತರು. 

"ಸೋಮವಾರ ತಿಪಟೂರಲ್ಲಿ ಇಳಿದರೆ ನಮ್ಮನೆ ಬೀಗ ತೆಗೆಯಲ್ಲ ನಾನು," ಅಂದಳು ಭಾನುಮತಿ. ಯಾವ ಗೋಡೆಗೂ ಅಲ್ಲ, ಅವರಿಗೂ ಅಲ್ಲ, ರಸ್ತೆಯ ಕೆಸರಿಗೆ. "ನೇರ ಪಂಕಜಾಕ್ಷಿ ಮನೆಗೆ ಹೋಗ್ತೀನಿ. ಅವಳ ಕಾಲು ಹಿಡ್ಕೊ‍ಳ್ತೀನಿ. ಒದ್ದರೆ ಒದೀಲಿ. ನನ್ನ ಮಗನಿಗೆ ಹಾಲು ಕೊಟ್ಟೋಳು."

ಕಾರು ಬಂತು. ದೀಪ್ತಿ ಇಳಿದು, ನಮಸ್ಕಾರ ಅಂಕಲ್ ಅಂದು, ಭಾನುಮತಿಯ ತೋಳು ಹಿಡಿದು ಎಬ್ಬಿಸಿದಳು. ಭಾನುಮತಿ ಸ್ಟೀಲ್ ಡಬ್ಬಿಯನ್ನು ಬದರಿನಾಥರ ಕಡೆ ಚಾಚಿದಳು.

"ತಗೊಳ್ಳೋ ಹಾಗಿಲ್ಲಮ್ಮ," ಅಂದರು, ರೂಢಿಯ ಮೇಲೆ.

"ನಿಮಗೆ ಕೊಡ್ತಿಲ್ಲ. ಬೆಂಚಿನ ಮೇಲೆ ಇಡ್ತಿದೀನಿ." ಇಟ್ಟು, ಮಂಕಿ ಕ್ಯಾಪು ಕಿವಿಯ ತನಕ ಎಳೆದುಕೊಂಡು, ಕೆಸರಿನಲ್ಲಿ ದೊಡ್ಡ ಬೂಟು ಎಳೆಯುತ್ತಾ ಕಾರು ಹತ್ತಿದಳು. ಕಾರು ತಿರುವು ದಾಟೋ ತನಕ ಬದರಿನಾಥರು ನಿಂತೇ ಇದ್ದರು. ಅವಳು ಊರು ಕೇಳಲೇ ಇಲ್ಲ. ಕೇಳಬೇಕಿತ್ತು ಅಂತಲೂ ಅಲ್ಲ. ಅಷ್ಟು ದೊಡ್ಡ ದುಃಖ ತಲೆಯ ಮೇಲೆ ಹೊತ್ತವಳಿಗೆ ಮುದುಕನೊಬ್ಬನ ಊರು ಕಟ್ಟಿಕೊಂಡು ಏನಾಗಬೇಕು. ಆದರೂ ಅವರಿಗೆ ಅಳು ಬಂತು.

ಮೊದಲನೇ ಬಸ್ಸು ಬಂದು ಹೋಯಿತು. ಅವರು ಹತ್ತಲಿಲ್ಲ. ಡಬ್ಬಿ ತೆರೆದು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. ಜೈಲಿನೊಳಗಿನ ಮಗನಿಗೆ ಅಂತ ಯಾರದೋ ಅಡುಗೆಮನೆಯಲ್ಲಿ ನಿಂತು ಕರಿದದ್ದು. ಖಾರ ಚೆನ್ನಾಗಿ ಬಿದ್ದಿತ್ತು. ಗೂಡಿನಲ್ಲಿ ಯಾರೂ ಇರಲಿಲ್ಲ. ಎದುರಿನ ಗಾಜಿಗೆ ಮುಖ ಮಾಡಿದರು.

"ನಮ್ದು ರಾಣೆಬೆನ್ನೂರು ರೀ ತಾಯಿ," ಅಂದರು ಗಾಜಿಗೆ. ಪೆಟ್ಟಿಗೆಯಲ್ಲಿಟ್ಟಿದ್ದ ಮಾತು ಮಡಿಕೆ ಮಾಸದೆ ಹಾಗೇ ಹೊರಗೆ ಬಂತು. "ಹಳೇ ಪೋಸ್ಟಾಫೀಸಿನ ಹಿಂದ ಮೂರನೇ ಮನಿ. ಬಾಗಲ್ದಾಗ ಬೇವಿನ ಗಿಡ ಅದ. ಆ ಕಡೆ ಬಂದ್ರ ಮನೀಗೆ ಬಂದು ಹೋಗ್ರಿ."

ಆ ಮನೆ ಮಾರಿ ಎಷ್ಟೋ ವರ್ಷವಾಗಿತ್ತು. ಮುಂದಿನ ಬಸ್ಸು ಬರೋ ತನಕ ಅವರು ಗಾಜಿಗೆ ದಾರಿ ಹೇಳುತ್ತಲೇ ಇದ್ದರು.